ಹತ್ತೊಂಬತ್ತು ಮಕ್ಕಳ ದೃಷ್ಟಿ ಇನ್ನು ಯಾರು ತೆಗೆಯಬೇಕು?

ಮಕ್ಕಳ ಆಶ್ರಮಗಳ ತನಿಖಾಧಿಕಾರಿಗಳಿಗೆ, ಈ ಪತ್ರಿಕೆಯ ಮೂಲಕ.

ಮಾನ್ಯರೇ,

ನಾನು ಕೊಟ್ಟ ಅರ್ಜಿಯ ಮೇಲೆ ತಾವು ಕ್ರಮ ಕೈಗೊಂಡಿದ್ದೀರಿ. ಅದೇ ನನ್ನ ದೂರು.

ತಮಗೆ ಆಶ್ಚರ್ಯವಾದೀತು. ನನಗೂ ಆಯಿತು. ಹದಿನಾಲ್ಕು ವರ್ಷಗಳ ಮೇಷ್ಟ್ರಗಿರಿಯಲ್ಲಿ ನಾನು ಸರ್ಕಾರಕ್ಕೆ ಬರೆದ ಅರ್ಜಿಗಳು ಒಂದೆರಡಲ್ಲ. ಶಾಲೆಯ ಸೂರು ಸೋರುತ್ತದೆಂದು ಬರೆದೆ, ಈಗಲೂ ಸೋರುತ್ತಿದೆ. ಕೊತ್ತತ್ತಿಯಲ್ಲಿದ್ದಾಗ, ನಾಲೆಯ ಏರಿಯಿಂದ ಮಕ್ಕಳು ಜಾರಿ ಬೀಳುತ್ತಾರೆ, ಕಂಬಿ ಹಾಕಿಸಿ ಎಂದು ಬರೆದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು, ಕಂಬಿ ಬರಲಿಲ್ಲ. ಈ ಬೇಸಿಗೆಯಲ್ಲಿ ತಮಗೆ ಬರೆದ ಒಂದೇ ಒಂದು ಅರ್ಜಿಗೆ ಮಾತ್ರ ಒಂಬತ್ತೇ ದಿನಗಳಲ್ಲಿ ಹುಕುಂ ಹೊರಟಿತು. ಇಷ್ಟು ಬೇಗ ಕೆಲಸವಾಗುತ್ತದೆಂದು ತಿಳಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ನಾನು ಮದ್ದೂರಿನ ವಿಚಾರ ಸಂಘದ ಅಧ್ಯಕ್ಷ. ಸಂಘದಲ್ಲಿ ನನ್ನನ್ನೂ ಸೇರಿಸಿ ಮೂವರಿದ್ದೇವೆ. ಶಿಂಷಾ ದಂಡೆಯ ಮಕ್ಕಳ ಆಶ್ರಮಕ್ಕೆ ದಿನಾ ಸಂಜೆ ಮಗ್ಗಿ ಹೇಳಿಕೊಡಲು ಹೋಗುತ್ತಿದ್ದೆ. ಕಾಲರಾ ವರ್ಷದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹತ್ತೊಂಬತ್ತು ಮಕ್ಕಳು ಅಲ್ಲಿದ್ದಾರೆ. ರಾಗಿ ಬೀಸಿ, ಕಸ ಗುಡಿಸುವ ಪಟ್ಟಲಮ್ಮ ಎಂಬ ಮುದುಕಿ ದೀಪ ಹಚ್ಚುವ ಹೊತ್ತಿಗೆ ಆ ಮಕ್ಕಳನ್ನು ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ಕೂರಿಸುತ್ತಿದ್ದಳು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ಒಬ್ಬೊಬ್ಬರಿಗೂ ತಲೆಯಿಂದ ಕಾಲಿನವರೆಗೆ ಇಳಿತೆಗೆಯುತ್ತಿದ್ದಳು. ಮಗು ಅದರ ಮೇಲೆ ಮೂರು ಸಲ ಥೂ ಎನ್ನಬೇಕು. ಆಮೇಲೆ ಅದು ಒಲೆಗೆ. ಘಾಟು ಎದ್ದರೆ ಸರಿ, ಏಳದಿದ್ದರೆ ಭಾರಿ ದೃಷ್ಟಿ ತಗುಲಿತ್ತೆಂದು ಅರ್ಥ. ಇದನ್ನು ಕಂಡು ವಿಚಾರ ಸಂಘದ ಅಧ್ಯಕ್ಷನ ರಕ್ತ ಕುದಿಯದೆ ಇರುತ್ತದೆಯೇ? ಮೂಢನಂಬಿಕೆ, ಹೊಗೆ, ಎಂಜಲು ಎಂದು ಮೂರು ತಲೆಬರಹ ಕೊಟ್ಟು, ಆರು ಪುಟ ಬರೆದು ಕಳುಹಿಸಿದೆ. ಅಕ್ಷರ ದುಂಡಗಿತ್ತು.

ತಾವು ದೃಷ್ಟಿ ತೆಗೆಯುವುದನ್ನು ನಿಲ್ಲಿಸಿದಿರಿ. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಾಗಿತ್ತು. ಪಟ್ಟಲಮ್ಮನನ್ನು ಕೆಲಸದಿಂದ ತೆಗೆದಿರಿ. ಅದೂ ಸಾಲದೆ, ವಿಲಾಯಿತಿಯ ಯಾವುದೋ ಪುಸ್ತಕ ನೋಡಿ, 'ಸಿಬ್ಬಂದಿಯು ಮಕ್ಕಳನ್ನು ಅನಗತ್ಯವಾಗಿ ಎತ್ತಿಕೊಳ್ಳತಕ್ಕದ್ದಲ್ಲ, ಮುದ್ದಿಸತಕ್ಕದ್ದಲ್ಲ. ಅದರಿಂದ ಶಿಸ್ತು ಕೆಡುವುದು' ಎಂದು ಸೇರಿಸಿದಿರಿ. ಸ್ವಾಮಿ, ಅಗತ್ಯವಾಗಿ ಮುದ್ದಿಸುವುದು ಎಂದರೆ ಹೇಗೆ? ಅದಕ್ಕೊಂದು ನಮೂನೆ ಇದ್ದರೆ ದಯವಿಟ್ಟು ಅಚ್ಚು ಹಾಕಿಸಿ ಕಳುಹಿಸಿಕೊಡಿ, ತುಂಬಿ ಕೊಡುತ್ತೇವೆ.

ಆಶ್ರಮದಲ್ಲಿ ಈಗ ಶಿಸ್ತು ಎಷ್ಟಿದೆಯೆಂದರೆ ಯಾವ ಮಗುವೂ ಗಲಾಟೆ ಮಾಡುವುದಿಲ್ಲ. ದೇವಿರಮ್ಮ ಎಂಬ ಆರು ವರ್ಷದ ಹುಡುಗಿ ಮಾತನ್ನೂ ಬಿಟ್ಟಳು, ಊಟವನ್ನೂ ಬಿಟ್ಟಳು. ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೇ ಬಿಡುತ್ತಿದ್ದಳು. ಮಂಡ್ಯದಿಂದ ಡಾಕ್ಟರು ಬಂದು ನಾಲಗೆ ನೋಡಿ, ಹೊಟ್ಟೆ ಒತ್ತಿ, ಕಾಯಿಲೆ ಏನೂ ಇಲ್ಲವೆಂದು ಬರೆದುಕೊಟ್ಟರು. ಮೂರು ವಾರಗಳಲ್ಲಿ ಮಗುವಿನ ಬಳೆ ಮೊಣಕೈವರೆಗೆ ಏರುವಂತಾಯಿತು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಹೋಗಿ ತನ್ನ ಜಾಗದಲ್ಲಿ ಪೂರ್ವಕ್ಕೆ ಮುಖ ಮಾಡಿ ಒಬ್ಬಳೇ ಕೂರುತ್ತಿದ್ದಳು. ಒಂದು ಸಂಜೆ ನಾನೂ ಪಕ್ಕದಲ್ಲಿ ಕುಳಿತೆ. ಅವಳೇ ಬಾಯಿ ಬಿಟ್ಟಳು:

"ಮೇಷ್ಟ್ರೇ, ನಂಗೆ ಇನ್ಮ್ಯಾಲೆ ದೃಷ್ಟಿ ಆಗಾಕಿಲ್ವಾ?"

"ಯಾಕಮ್ಮಾ ಹಾಗಂತೀಯ?"

"ನಾನು ಚೆಂದಾಗಿಲ್ವಲ್ಲ, ಅದ್ಕೆ ಬುಟ್ಬುಟ್ರು."

ಅವಳಿಗೆ ಹೀಗೆ ಅನ್ನಿಸಿದ್ದು ನನ್ನ ಆರು ಪುಟಗಳಿಂದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ಎಂಬುದನ್ನು ಇಲ್ಲಿ ಬಹಿರಂಗವಾಗಿಯೇ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬಂಡೂರಿಗೆ ಹೋದೆ. ಪಟ್ಟಲಮ್ಮ ತಮ್ಮನ ಮನೆಯಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಡು ಕೂರೆಂದೂ ಹೇಳಲಿಲ್ಲ.

"ನೀವೇ ಬರ್ದು ಬುಡಿಸುದ್ರಿ, ಈಗ ನೀವೇ ಕರ್ಯಾಕ್ ಬಂದ್ರಾ?"

ದೃಷ್ಟಿ ಎಂಬುದು ಇಲ್ಲವೆಂದು ವೈಜ್ಞಾನಿಕವಾಗಿ ವಿವರಿಸಲು ಹೊರಟೆ. ಅಭ್ಯಾಸಬಲ. ಅವಳು ಅರ್ಧಕ್ಕೇ ತಡೆದಳು.

"ನಂಗೊತ್ತಿಲ್ವಾ ಸ್ವಾಮಿ? ಕಡ್ಡಿ ಕಡ್ಡಿ ಹಂಗಿರೋ ಆ ಐಕಳ ಮ್ಯಾಲೆ ಯಾರ ಕಣ್ಣು ಬಿದ್ದಾತು? ಹಂಗಂತ ಐಕಳ ಮುಂದೆ ಏಳಾಕಾಯ್ತದಾ? ಕಣ್ಣು ಬೀಳೋವಷ್ಟು ಚೆಂದಾಗವ್ಳೆ ಅಂತ ದಿನಕ್ಕೊಂದ್ಸಲ ಯಾರಾರ ಒಬ್ರು ಅನ್ಬೇಕು ಕಣಪ್ಪಾ. ಅವ್ವ ಇದ್ದಿದ್ರೆ ಅವ್ವ ಅನ್ನೋಳು."

ಬಂದುಬಿಡಮ್ಮ ಎಂದೆ. "ಓಡ್ಸಿದ್ದು ಕಾಗ್ದದಲ್ಲಿ. ಕರ್ಯೋದೂ ಕಾಗ್ದದಲ್ಲೇ ಆಗ್ಲಿ. ಅಲ್ಲೀಗಂಟ ನೀವೇ ತೆಗೀರಿ," ಎಂದು ಹೇಳಿ ಮತ್ತೆ ಕುರಿಗಳ ಕಡೆ ತಿರುಗಿದಳು.

ಮಾನ್ಯರೇ, ವಿಲಾಯಿತಿಯ ಪುಸ್ತಕವೇ ಬೇಕೆಂದರೆ ಅಲ್ಲಿಯ ಇತ್ತೀಚಿನ ಸುದ್ದಿಯನ್ನೂ ಓದಿ. ಬಾಂಬಿಗೆ ಹೆದರಿ ಲಂಡನ್ನಿನ ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸಿದ್ದಾರಷ್ಟೆ. ಹೊಟ್ಟೆ ತುಂಬ ಊಟ, ಬೆಚ್ಚಗಿನ ಹಾಸಿಗೆ ಇದ್ದರೂ ತಮ್ಮವರೆನ್ನುವ ಒಬ್ಬರಿಲ್ಲದೆ ಅಂಥ ಮಕ್ಕಳು ಸೊರಗುತ್ತಾರೆಂದು ಅವರನ್ನು ನೋಡಿಕೊಳ್ಳುವ ಹೆಂಗಸರು ಹೇಳುತ್ತಿದ್ದಾರಂತೆ. ಅಲ್ಲಿ ಅದಕ್ಕೆ ಶಾಸ್ತ್ರ ಕಟ್ಟುತ್ತಿದ್ದಾರೆ. ನಮ್ಮಲ್ಲಿ ಅದನ್ನು ಬಲ್ಲವಳೊಬ್ಬಳು ರಾಗಿ ಬೀಸುತ್ತ ಇದ್ದಳು, ಅವಳನ್ನು ನಾವಿಬ್ಬರೂ ಸೇರಿ ಕುರಿ ಕಾಯಲು ಕಳುಹಿಸಿದೆವು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪಟ್ಟಲಮ್ಮನನ್ನು ಮರಳಿ ಕರೆಯುವ ಕಾಗದವನ್ನು ಕೂಡಲೇ ಬಂಡೂರಿಗೆ ಕಳುಹಿಸಿ. ಎತ್ತಿಕೊಳ್ಳಬಾರದೆಂಬ ಸಾಲನ್ನು ಹೊಡೆದುಹಾಕಿ. ಹಿಂದಿನ ಹುಕುಂ ಒಂಬತ್ತು ದಿನಕ್ಕೆ ಬಂತು, ಇದಕ್ಕೆ ಎಂಟು ಸಾಕು. ನನ್ನ ಹಳೆಯ ಅರ್ಜಿಯನ್ನು ಸೂರಿನ ಅರ್ಜಿಯ ಜೊತೆ ಕಟ್ಟಿಡಿ, ಅಲ್ಲಿಂದ ಅದು ಯಾವತ್ತೂ ಏಳುವುದಿಲ್ಲ.

ಅಲ್ಲಿಯವರೆಗೆ ತಮ್ಮ ಹುಕುಮನ್ನು ನಾನೇ ದಿನವೂ ಮುರಿಯುತ್ತಿದ್ದೇನೆ. ಮೊದಲ ಸಂಜೆ ಉಪ್ಪು ಹಿಡಿದ ಕೈ ತಪ್ಪಾಗಿ ಸುತ್ತಿತು. "ಹಂಗಲ್ಲ ಮೇಷ್ಟ್ರೇ, ಬಲಗಡೆಯಿಂದ. ಯಾರ್ಯಾರ ಕಣ್ಣು ಅಂತ ಎಸ್ರು ಏಳ್ಬೇಕು," ಎಂದು ದೇವಿರಮ್ಮ ತಿದ್ದಿದಳು. ನಾಯಿ ಕಣ್ಣು, ನರಿ ಕಣ್ಣು ಎಂದೆ. ಮುಂದೆ ತೋಚಲಿಲ್ಲ. "ಪಟ್ಟಲವ್ವನ್ನ ಓಡ್ಸಿದ್ರಲ್ಲ, ಆ ಸಾಹೇಬ್ರ ಕಣ್ಣು," ಎಂದು ಅವಳೇ ಸೇರಿಸಿದಳು. ಹತ್ತೊಂಬತ್ತೂ ಮಕ್ಕಳು ಮೂರು ಸಲ ಉಗುಳಿದರು. ಅವತ್ತು ರಾತ್ರಿಯೂಟಕ್ಕೆ ಅವಳು ಅರ್ಧ ಮುದ್ದೆ ಉಂಡಳು.

ಒಂದು ವಿಷಯ ಮಾತ್ರ ತಮ್ಮ ಗಮನಕ್ಕೆ. ಆ ಮೆಣಸಿನಕಾಯಿ ಒಲೆಗೆ ಬಿದ್ದಾಗ ಒಂದಿಷ್ಟೂ ಘಾಟು ಏಳಲಿಲ್ಲ. ಮೆಣಸಿನಕಾಯಿ ತೇವವಾಗಿತ್ತೆಂದು ನಾನು ವಿಚಾರ ಸಂಘದ ಪರವಾಗಿ ಮಕ್ಕಳಿಗೆ ವಿವರಿಸಿದೆ. ಒಬ್ಬರೂ ನಂಬಲಿಲ್ಲ.

ಇಂತಿ,
ಗೆದ್ದ ಒಂದೇ ಅರ್ಜಿಯನ್ನು ಸೋಲಿಸಿಕೊಡಿ ಎಂದು ಬೇಡುವ
ಮರಿಸಿದ್ದಯ್ಯ, ಮೇಷ್ಟ್ರು
ವಿಚಾರ ಸಂಘದ ಅಧ್ಯಕ್ಷ (ಉಳಿದಿಬ್ಬರಿಗೆ ಈ ಪತ್ರ ಕಾಣುವವರೆಗೆ)
ಮದ್ದೂರು, ೧೯೪೪