ನಮ್ಮ ಹೊಲಕ್ಕೊಪ್ಪುವ ಮಷಿನ್

ಮನೆ, ಹಿತ್ತಲ ಕಟ್ಟೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮಗುವನ್ನು ಎತ್ತಿಕೊಂಡೇ ಮಹಡಿ ಹತ್ತಿಳಿಯುತ್ತೀಯಂತೆ. ಭಾವನಿಗೂ ಎರಡು ಕೈಗಳಿವೆ, ನೆನಪಿರಲಿ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕಾಲು ಮಾತ್ರ ನಿನ್ನೆಯಿಂದ ನೆಲದ ಮೇಲೆ ನಿಲ್ಲುತ್ತಿಲ್ಲ. ಗೋಧಿಯೆಲ್ಲ ಒಳಗೆ ಬಂತಮ್ಮಾ, ಒಂದು ಕಾಳೂ ನೆನೆಯದೆ!

ಕಟಾವು ಮಷಿನ್ ಕೊಳ್ಳುವಾಗ ಆದ ರಂಪವನ್ನು ಫೋನಿನಲ್ಲಿ ಅರ್ಧ ಕೇಳಿದ್ದೀಯ, ಉಳಿದರ್ಧ ಕೇಳು. ಪಕ್ಕದ ಹೊಲದವರು ಬಸ್ಸಿನುದ್ದದಷ್ಟು ಅಗಲದ ಮಷಿನ್ ತಂದಾಗಿನಿಂದ ಅಪ್ಪನಿಗೂ ಚಿಕ್ಕಪ್ಪನಿಗೂ ಅದೇ ಧ್ಯಾನ. ಅಂಗಡಿಯವನೂ "ದೊಡ್ಡದೇ ತಗೊಳ್ಳಿ, ಕೆಲಸ ಬೇಗ ಮುಗಿಯುತ್ತೆ" ಎಂದು ಗಾಳಿ ಹಾಕಿದ. ನಾನು ಬೇಡವೆಂದೆ. ನಮ್ಮದು ಅಲ್ಲೊಂದು ಇಲ್ಲೊಂದು ಚದುರಿದ ಹೊಲ, ಕಾಳು ಸಾಗಿಸಲು ಇರುವುದು ಒಂದೇ ಟ್ರಾಕ್ಟರ್. ದೊಡ್ಡ ಮಷಿನ್ ಗಬಗಬನೆ ಕೊಯ್ದು, ಹೊಟ್ಟೆ ತುಂಬಿಸಿಕೊಂಡು, ಟ್ರಾಕ್ಟರಿನ ದಾರಿ ಕಾಯುತ್ತಾ ನಿಂತಿರುತ್ತದೆ, ಅಷ್ಟೆ. ಅಪ್ಪ, "ನಿಂಗೇನು ಗೊತ್ತು, ಸುಮ್ನಿರು" ಎಂದರು.

ಸುಮ್ಮನಿರುವ ಜಾಯಮಾನವೇ ನನ್ನದು? ಆ ಮಷಿನ್ನಿನ ಅಗಲಕ್ಕೆ ಹಗ್ಗ ಕತ್ತರಿಸಿ, ಒಂದು ತುದಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊಳ್ಳಿ, ಸಡಿಲ ಬಿಡಬೇಡಿ" ಎಂದು, ಇನ್ನೊಂದು ತುದಿ ನಾನು ಹಿಡಿದು, ಮಷಿನ್ ಹೋಗುವ ಹಾಗೆ ಇಬ್ಬರೂ ಅಕ್ಕಪಕ್ಕದಲ್ಲಿ ಶೆಡ್ಡಿನಿಂದ ಹೊಲದ ಕಡೆಗೆ ನಡೆದೆವು. ಗೇಟಿನ ಕಂಬಕ್ಕೆ ಅವರ ಭುಜ ಬಡಿಯಿತು. ಕಾಲುವೆಯ ಸೇತುವೆಯ ಮೇಲೆ ಹಗ್ಗ ಬಿಗಿಹಿಡಿಯಲು ಹೋಗಿ ಚಿಕ್ಕಪ್ಪ ದೊಪ್ಪೆಂದು ನೀರಿಗೆ! ನಕ್ಕು ನಕ್ಕು ಅಪ್ಪನ ಕಣ್ಣಲ್ಲಿ ನೀರು. ಆಮೇಲೆ, "ಮುಂದಿನ ಕೊಯ್ಯೋ ಭಾಗ ಬಿಚ್ಚಿ ದಾಟಿಸಬಹುದಲ್ಲಾ" ಎಂದರು. "ಒಂದೊಂದು ಹೊಲಕ್ಕೂ ಬಿಚ್ಚಿ, ಜೋಡ್ಸಿ, ಮತ್ತೆ ಬಿಚ್ಚೋದಾ ಅಪ್ಪಾ?" ಎಂದೆ. ಅಪ್ಪ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಯತ್ತ ತಿರುಗಿದರು. ಕೊನೆಗೆ ನಾನು ಹೇಳಿದ ಮಧ್ಯಮ ಗಾತ್ರದ್ದೇ ಮನೆಗೆ ಬಂತು.

ಆದರೂ ಅದು ಸಾಲುತ್ತದೋ ಇಲ್ಲವೋ ಎಂಬ ಅಳುಕು ನನಗಿತ್ತು. ನಿನ್ನೆ ಕಡೆಯ ಹೊಲ ಕೊಯ್ಯುವಾಗ ಆಕಾಶ ಕಪ್ಪಿಟ್ಟಿತು. ನಾನೇ ಓಡಿಸುತ್ತಿದ್ದೆ. ಮಷಿನ್ ತುಂಬುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ ಟ್ರಾಕ್ಟರ್ ಪಕ್ಕಕ್ಕೆ ಬಂದಿರುತ್ತಿತ್ತು, ಎಲ್ಲೂ ಕಾಯಲಿಲ್ಲ. ಕೊನೆಯ ಸಾಲು ಮುಗಿಸಿ ಶೆಡ್ಡಿಗೆ ನುಗ್ಗಿದೆವು, ಬೆನ್ನ ಹಿಂದೆಯೇ ಮಳೆ ಧೋ ಎಂದಿತು. ಅಪ್ಪ ಮಳೆಯಲ್ಲೇ ನಿಂತು ಬೇಲಿಯಾಚೆಯವರಿಗೆ, "ಮಗಳು ಆರಿಸಿದ ಮಷಿನ್ ರೀ ಇದು! ಮಗಳೇ ಓಡ್ಸಿದ್ದು!" ಎಂದು ಕೂಗಿದರು. ಅವರಿಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು.

ಅಕ್ಕ-ಭಾವನನ್ನು ಕೇಳಿದೆನೆಂದು ಹೇಳು. ಪುಟ್ಟನ ಕೆನ್ನೆಗೆ ನನ್ನದೊಂದು ಮುತ್ತು, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ,
ಬಾಯಿಬಡುಕಿ

ಮರೆತಿದ್ದೆ. ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ: ಪಟ್ಟಣದಲ್ಲಿ ನೀನು ಗೊತ್ತುಮಾಡಿಟ್ಟ ಕೆಲಸಕ್ಕೆ ಬರುವುದಿಲ್ಲವೆಂದು ಕೆಲಸ ಕೊಟ್ಟವರಿಗೆ ಹೇಳಿಬಿಟ್ಟೆ. ಬರುವ ಬಿತ್ತನೆಯಿಂದ ಹೊಲವನ್ನೆಲ್ಲ ನಾನೇ ನೋಡಿಕೊಳ್ಳಬೇಕಂತೆ, ಅಪ್ಪ ಬಾಯಿಬಿಟ್ಟು ಕೇಳಿದರು. ಹೂಂ ಎಂದೆ. ಬೈಯುವುದಿದ್ದರೆ ಬಂದು ಎದುರಿಗೇ ಬೈಯಮ್ಮಾ, ಹೊಲದಲ್ಲೇ ಸಿಗುತ್ತೇನೆ.