ರುದ್ರಭೂಮಿಗೆ ಒಂದು ನಲ್ಲಿ

16 ನವೆಂಬರ್ 2003, ಭಾನುವಾರ. ರಾತ್ರಿ ಒಂಬತ್ತೂವರೆ.

ಈ ವರ್ಷ ವಾರ್ಡಿನ ದುಡ್ಡಿನಲ್ಲಿ ಮೊದಲು ಯಾವ ಕೆಲಸ ಆಗಬೇಕೆಂದು ನಾವೇ ಕೈಯೆತ್ತಿ ತೀರ್ಮಾನಿಸಬೇಕಂತೆ. ಬೆಳಿಗ್ಗೆ ಶಾಲೆಯಲ್ಲಿ ಸಭೆ ಇತ್ತು. ನಿವಾಸಿಗಳ ಸಂಘದ ನಂಜುಂಡಸ್ವಾಮಿಯವರು ಬೋರ್ಡಿನ ಮೇಲೆ ಪಾರ್ಕು, ಬೀದಿದೀಪ, ಚರಂಡಿ ಎಂದು ಬರೆದು, "ಇನ್ನೇನಾದ್ರೂ ಇದ್ರೆ ಹೇಳ್ಬುಡಿ" ಎಂದರು.

"ರುದ್ರಭೂಮಿಗೆ ಒಂದು ನಲ್ಲಿ" ಎಂದೆ. ಆಷಾಢದಲ್ಲಿ ನನ್ನ ಹೆಂಡತಿ ಶಾಂತಾಳನ್ನು ಮಣ್ಣು ಮಾಡಿದ ಮೇಲೆ ಅಲ್ಲಿ ಕೈಕಾಲು ತೊಳೆಯಲು ನೀರಿರಲಿಲ್ಲ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಂಥ ಮಾತನ್ನು ಸಭೆಯಲ್ಲಿ ಆಡಬಾರದಿತ್ತೇನೋ. ಟೈಲರ್ ಚಂದ್ರಮೌಳಿ, "ಅಲ್ಲಿರೋರು ನೀರು ಕೇಳಲ್ಲ ಕಣ್ರೀ" ಎಂದ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬರಲಿಲ್ಲ. ಈಚೆಗೆ ಏನೂ ಬರುವುದಿಲ್ಲ.

ಹೂ ಮಾರುವ ಪುಟ್ಟತಾಯಮ್ಮ ಎದ್ದು ನಿಂತರು. "ಅವ್ರು ಕೇಳಲ್ಲ ಕಣಪ್ಪ, ಹೊತ್ಕೊಂಡ್ ಹೋದೋರು ಕೇಳ್ತಾರೆ. ನಮ್ಮೆಜಮಾನ್ರನ್ನ ಮಣ್ ಮಾಡ್ಬುಟ್ಟು ನನ್ ಮಕ್ಳು ಕೆಸರು ಕೈಯಲ್ಲೇ ಮನೆಗ್ ಬಂದ್ರು."

ಆಮೇಲೆ ಒಂದೊಂದೇ ಕೈ ಎದ್ದಿತು. ಯಾರ ಯಾರ ಮನೆಯಲ್ಲಿ ಸಾವಾಗಿದೆಯೆಂದು ಆ ಕೈಗಳನ್ನು ನೋಡಿಯೇ ಹೇಳಬಹುದಿತ್ತು. ಕೊನೆಗೆ ಚಂದ್ರಮೌಳಿಯೂ ಎತ್ತಿದ. ಅವನ ತಾಯಿ ಹೋಗಿ ಎರಡು ವರ್ಷ. ಪಾರ್ಕಿಗಿಂತ ಮೂರು ಕೈ ಹೆಚ್ಚಾಯಿತು.

ನಲ್ಲಿ ಎಲ್ಲಿ ಬೇಕೆಂದು ವಾರ್ಡಿನ ಎಂಜಿನಿಯರಿಗೆ ತೋರಿಸಲು ಒಬ್ಬರು ಬರಬೇಕು ಎಂದರು ನಂಜುಂಡಸ್ವಾಮಿ. ಕೇಳಿದವನು ನಾನೇ ಆದ್ದರಿಂದ ಒಪ್ಪಿಕೊಂಡೆ. ಶಾಂತಾಳನ್ನು ಅಲ್ಲಿ ಬಿಟ್ಟು ಬಂದ ಮೇಲೆ ನಾನು ಆ ಕಡೆ ಹೋಗಿಲ್ಲ. ಬೇಲಿಯ ಹತ್ತಿರ ಹಾಕಿಸಬೇಕೋ, ಇಲ್ಲ ಒಳಗೆ, ಅವಳು ಇರುವ ಸಾಲಿನ...

ನಾಳೆ ಹತ್ತು ಗಂಟೆಗೆ ಎಂಜಿನಿಯರು ರುದ್ರಭೂಮಿಯ ಗೇಟಿಗೆ ಬರುತ್ತಾರೆ.