ಲಾರಿ ಸಾಲದಲ್ಲಿ ನನ್ನ ಹೆಸರು

ಚಿತ್ತವಾಡ್ಗಿ, ಹೊಸಪೇಟೆ
10-8-2009

ಹುಲುಗೇಶ್ ಅವರಿಗೆ,

ವಿಚ್ಛೇದನವಾದ ಮೇಲೂ ನಿಮಗೆ ಪತ್ರ ಬರೆಯಬೇಕಾಗಿ ಬಂತು. ಹೊಲಿಗೆ ಅಂಗಡಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರು ಕಂಪ್ಯೂಟರ್ ನೋಡಿ, "ಎಂಟು ತಿಂಗ್ಳಿಂದ ಲಾರಿ ಕಂತು ಬಂದಿಲ್ರಿ ಅಮ್ಮಾ. ನಿಮ್ಮ ಹೆಸ್ರು ಕೆಟ್ಟೈತಿ, ಸಾಲ ಕೊಡಾಕ ಬರಂಗಿಲ್ಲ" ಎಂದರು. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

ಲಾರಿ ನಿಮ್ಮ ಬಳಿಯೇ ಇದೆ, ದಿನವೂ ಸಂಡೂರಿನಿಂದ ಅದಿರು ಸಾಗಿಸುತ್ತಿದೆ. ಸಾಲ ತೆಗೆಯುವಾಗ ಹೆಂಡತಿಯಾಗಿ ನೀವು ತೋರಿಸಿದ ಕಡೆ ಸಹಿ ಹಾಕಿದ್ದಷ್ಟೇ ನನ್ನ ಪಾಲು.

ತವರಿನ ಸರ ಮಾರಿ ಬಾಕಿ ಕಂತು ಕಟ್ಟಿದ್ದೇನೆ. ಆದರೂ ಹೆಸರು ಸರಿಹೋಗಲು ಎರಡು ವರ್ಷ ಬೇಕಂತೆ. ಉಳಿದ ಸಾಲವನ್ನು ನಿಮ್ಮೊಬ್ಬರ ಹೆಸರಿಗೆ ಮಾಡಿಸಿಕೊಳ್ಳಿ. ಅದರ ಅರ್ಜಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸಿ.

ನಿನ್ನೆ ಆ ಲಾರಿಯನ್ನು ಕಂಡೆ. ಹಣೆಯ ಮೇಲೆ 'ಸುಧಾ' ಎಂದು ಇನ್ನೂ ಇದೆ. ಅದನ್ನೂ ಅಳಿಸಿಬಿಡಿ. ಪೇಂಟಿನ ಖರ್ಚು ತಿಳಿಸಿ, ನಾನೇ ಕೊಡುತ್ತೇನೆ.

ಇಂತಿ,
ಸುಧಾರಾಣಿ